ನಿಧಾನ ಎಂಬ ಅಕ್ಷರ

ನಮ್ಮ ಲಿಪಿಯಲ್ಲಿ ‘ನಿಧಾನ’ಕ್ಕೆ ಹದಿನಾಲ್ಕು ಗೆರೆ.
ಎಡಕ್ಕಿರುವ ಮೂರು ಸೇರಿದರೆ ಹೃದಯ,
ಉಳಿದದ್ದು ಅದರ ಮೇಲೆ ಹೊರಿಸಿದ ಸಾಮಾನು.
ಕಾಗದದಲ್ಲಾದರೆ ನಾಲ್ಕು ಉಸಿರಿನ ಕೆಲಸ.
ರಸ್ತೆಯ ಮೇಲೆ ಬರೆಯಲು ಬೇಕು
ನಾನು, ಆ-ಟೋ, ಗ್ಯಾಸಿನ ಹಂಡೆ,
ಅದರೊಳಗೆ ಇನ್ನೂರು ಡಿಗ್ರಿಯಲ್ಲಿ ಕುದಿವ
ಗಂಜಿಯಂಥ ಬಿಳಿ ಬಣ್ಣ,
ಮತ್ತೆ ಮಳೆಯಿಲ್ಲದ ಒಂದು ರಾತ್ರಿ.
ಕೀಲುಂಗಿನಲ್ಲಿ ಕೊನೆಯದೇ ದುಬಾರಿ.

ದೂರದಿಂದ ಓದಬೇಕಲ್ಲ, ಅದಕ್ಕೆ
ಅಕ್ಷರವನ್ನು ಉದ್ದುದ್ದ ಎಳೆಯುತ್ತೇವೆ;
ಹತ್ತಿರ ಹೋಗಿ ನಿಂತರೆ
ಮಗುಚಿ ಬಿದ್ದ ಏಣಿ.
ಬಿಸಿ ಆರುವ ಮೊದಲೇ ಮುಷ್ಟಿಯಿಂದ
ರವೆಯಂಥ ಗಾಜಿನ ಮಣಿ ಎರಚಬೇಕು,
ಇರುಳಲ್ಲಿ ದೀಪ ಬಿದ್ದರೆ ಹೊಳೆಯಲೆಂದು.
ಮೊಣಕಾಲು ಕೆಳಗೆ, ಬೆನ್ನು ಮೇಲೆ,
ಇಪ್ಪತ್ತಾರು ವರ್ಷ ನಾನು ಹೀಗೇ
ಊರಿಗೆಲ್ಲ ನಿಧಾನ, ನಿಧಾನ ಅಂದಿದ್ದೇನೆ.

ಆ ಹುಡುಗ ಕಾವೊ ಯೂ-ಶುನ್, ಹತ್ತೊಂಬತ್ತು.
ಬಂದರಿಗೆ ಇಳಿಯುವ ತಿರುವು, ಸಂಜೆ ಏಳು,
ಜಿಟಿಜಿಟಿ ಮಳೆ.
ಹಿಂದಿನ ಡಬ್ಬಿಯಲ್ಲಿ ಯಾರದೋ ಮೀನಿನ ಸಾರು.
ಅವನು ತಪ್ಪೇನೂ ಮಾಡಲಿಲ್ಲ.
ನೆಲ ನೋಡಿದ, ಓದಿದ,
ಹೇಳಿದ ಮಾತು ಕೇಳಿದ,
ಅಕ್ಷರದ ಮೇಲೆ ಬಂದಾಗಲೇ ಬ್ರೇಕ್ ಹಿಡಿದ.

ಒದ್ದೆ ಡಾಂಬರಿಗೆ ಹಲ್ಲುಂಟು.
ಒದ್ದೆ ಬಿಳುಪಿಗೆ ಇಲ್ಲ.
ಮುಂದಿನ ಚಕ್ರ ಹೃದಯದ ಗೆರೆಯಲ್ಲಿ ಜಾರಿ
ಸ್ಕೂಟರು ಒಂದು ಕಡೆ, ಅವನು ಒಂದು ಕಡೆ,
ಸಾರು ಇಳಿಜಾರಿನಲ್ಲಿ ತನ್ನಷ್ಟಕ್ಕೆ.
ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರೆ.
ಹಾಲಾಗಿದ್ದರೆ ಮಳೆ ತೊಳೆದುಬಿಡುತ್ತಿತ್ತು.

ಏಳನೆಯ ದಿನ ಅವನ ತಾಯಿ ಬಂದಳು,
ಜೊತೆಗೊಬ್ಬ ಪುರೋಹಿತ, ಗಂಟೆ, ಊದುಬತ್ತಿ.
ಹುಡುಗನ ಅಂಗಿಯನ್ನು ತಿರುವಿನಲ್ಲಿ ಬೀಸಿ
ಯೂ-ಶುನ್, ಮನೆಗೆ ಬಾ, ಎಂದು ಕರೆದಳು.
ದಾರಿ ತಪ್ಪಿದ ಜೀವವನ್ನು ಹಾಗೆ ಕರೆಯುವುದು ರೂಢಿ.
ಅವಳು ನಿಂತದ್ದು ನನ್ನ ಅಕ್ಷರದ ಮೇಲೆ.
ನಾನು ಎದುರಿನ ಚಹಾ ಅಂಗಡಿಯಲ್ಲಿ
ಒಂದೇ ಲೋಟವನ್ನು ಒಂದು ಗಂಟೆ ಹಿಡಿದಿದ್ದೆ.
ಹಣೆಬರಹ, ಅಂದ ಆ-ಟೋ.
ಹಣೆಯದಲ್ಲ ಮಾರಾಯ, ನೆಲದ್ದು.
ಬರೆದವಳು ನಾನು.

ಇಲಾಖೆಯ ಎಂಜಿನಿಯರ್ ತೂಗುಲೋಲಕದ ಯಂತ್ರ ತಂದು
ರಬ್ಬರಿನ ಪಾದವನ್ನು ಗೆರೆಯ ಮೇಲೆ ಎಳೆದು
ಒಂದು ಅಂಕಿ ಬರೆದುಕೊಂಡ.
ನಿಯಮದೊಳಗೇ ಇದೆ, ಎಂದ.
ಮತ್ತೇಕೋ ನನ್ನ ಮುಖ ನೋಡಲಿಲ್ಲ.

ಆ ರಾತ್ರಿ ಮಳೆಯಲ್ಲಿ ಒಬ್ಬಳೇ ಹೋದೆ.
ಚಪ್ಪಲಿ ಬಿಟ್ಟು ನಡೆದೆ
ಮೊದಲ ಗೆರೆಯಿಂದ ಹದಿನಾಲ್ಕನೆಯದರವರೆಗೆ.
ಡಾಂಬರು, ಬಿಳುಪು, ಡಾಂಬರು, ಬಿಳುಪು.
ಒಂಬತ್ತರಲ್ಲಿ ಕಾಲು ಹೋಯಿತು,
ಅಂಗೈ ಕಿತ್ತಿತು.
ಬಿದ್ದಲ್ಲೇ ಕೂತೆ.
ಕೆಳಗೆ ಹಡಗೊಂದು ಕೂಗಿತು.

ಈಗ ಆ ತಿರುವಿನಲ್ಲಿ ಅಕ್ಷರವಿಲ್ಲ.
ಅರೆಯುವ ಯಂತ್ರದಿಂದ ನಾವೇ ಕೆರೆದು ತೆಗೆದೆವು;
ಒಣದಿನ ಬಿಸಿಲು ಓರೆಯಾದರೆ
ಅದರ ಬೂದುಬಣ್ಣದ ನೆರಳು ಕಾಣುತ್ತದೆ.
ಅರವತ್ತು ಮೀಟರ್ ಹಿಂದೆ,
ದಾರಿ ಇನ್ನೂ ನೆಟ್ಟಗಿರುವಲ್ಲಿ,
ಹೊಸದನ್ನು ಬರೆದಿದ್ದೇವೆ:
ತೆಳು ಗೆರೆ, ಬಣ್ಣದೊಳಗೆ ಒರಟು ಕಲ್ಲುಪುಡಿ,
ಗೆರೆಗೆರೆಯ ನಡುವೆ
ಒಂದು ಟೈರು ಹಾಯುವಷ್ಟು ಕಪ್ಪು ನೆಲ.
ಕಲ್ಲುಪುಡಿಯ ಖರ್ಚು ಯಾರದೆಂದು
ಕಂಟ್ರಾಕ್ಟರ್ ಇನ್ನೂ ಕೇಳುತ್ತಿದ್ದಾನೆ.

ನನ್ನ ಸ್ಕೂಟರೂ ಅದೇ ಇಳಿಜಾರಿನಲ್ಲಿ ಮನೆಗೆ ಹೋಗುತ್ತದೆ.
ಮಳೆ ಬಂದರೆ
ನಾನು ನನ್ನ ಬರಹವನ್ನು ಓದುವುದಿಲ್ಲ,
ಅದರ ಸಂದುಗಳಲ್ಲಿ ಹೋಗುತ್ತೇನೆ.
ಹಿಂದೆ ಯಾರೋ ಅವಸರದವರು
ಹಾರ್ನ್ ಹೊಡೆಯುತ್ತಾರೆ.
ಹೊಡೆಯಲಿ.