ಏಳನೇ ನಂಬರ್ ಫಾರಂ

ಸೊರಬದ ತಾಲ್ಲೂಕು ಕಚೇರಿ ಎದುರು
ಗೋಣಿಚೀಲ ಹಾಸಿಕೊಂಡು ಕೂತಿದ್ದೆವು, ನಾನೂ ಅಯ್ಯನೂ.
ನನಗೆ ಹನ್ನೊಂದು. ಮನೆಯಲ್ಲಿ ಅಕ್ಷರ ಬರುತ್ತಿದ್ದದ್ದು ನನಗೊಬ್ಬಳಿಗೇ.
ಅರ್ಜಿ ಬರೆಯುವವನಿಗೆ ಎಂಟಾಣೆ ಯಾಕೆ ದಂಡ ಎಂದು
ನನ್ನನ್ನೇ ಬಸ್ಸು ಹತ್ತಿಸಿಕೊಂಡು ಬಂದಿದ್ದ.

ತಂದೆಯ ಹೆಸರು? ಓದಿದೆ.
ಅಯ್ಯ, ಅಂದ.
ಭೂಮಾಲೀಕರ ಹೆಸರು?
ಅಯ್ಯ, ಅಂದ.

ಹಂಗಲ್ಲ ಅಯ್ಯಾ, ಬೇರೆ ಬೇರೆ ಬರೀಬೇಕು.
ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು
ಬಹಳ ಹೊತ್ತು ಯೋಚಿಸಿದ.
ಹೆತ್ತವನನ್ನು ಹೆಸರು ಹಿಡಿದು ಕರೆದವನಲ್ಲ.
ಇನ್ನೊಬ್ಬರ ಹೆಸರಂತೂ ಊರಲ್ಲಿ ಯಾರ ಬಾಯಲ್ಲೂ ಇರಲಿಲ್ಲ.
ಮೇಲ್ಮನೆಯ ಜಗಲಿಯಲ್ಲಿ, ಫೋಟೋದ ಕೆಳಗಿತ್ತಂತೆ.
ಅದನ್ನು ಓದಲು ಮೆಟ್ಟಿಲು ಹತ್ತಬೇಕಿತ್ತು.

ಎರಡೂ ಕಡೆ ಅಯ್ಯ ಎಂದೇ ಬರೆದೆ.
ಗುಮಾಸ್ತ ನೋಡಿ, 'ಹಂಗಾರೆ ಗೇಣಿ ಯಾಕಪ್ಪ,
ಆಸ್ತೀಲಿ ಪಾಲೇ ಕೇಳಬಹುದಲ್ಲ!' ಎಂದ.
ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಯ್ಯನೂ ನಕ್ಕ,
ಸ್ವಲ್ಪ ತಡವಾಗಿ.

ಆ ಪದದ ಸಂಸಾರ ಎಷ್ಟು ದೊಡ್ಡದೆಂದು ಆಮೇಲೆ ತಿಳಿಯಿತು.
ಜೋಳಿಗೆ ಹಿಡಿದು ಬರುವವರೂ ಅಯ್ಯ,
ಜೋಳಿಗೆ ತುಂಬಿಸುವವರೂ ಅಯ್ಯ.
ಕಾಲಿಗೆ ಕಾರೆಮುಳ್ಳು ಹೊಕ್ಕಾಗ
ಅವ್ವ ಅಯ್ಯಯ್ಯೋ ಎಂದದ್ದು ಯಾರನ್ನು ಕರೆದೋ, ಯಾರೂ ಬರಲಿಲ್ಲ,
ಅವಳೇ ಪಿನ್ನು ಹಾಕಿ ಕಿತ್ತುಕೊಂಡಳು.
ಅದೇ ಪದ, ಹೋಗಯ್ಯ ಎಂದರೆ ಸಾಕು,
ಮೀಸೆ ಪೇಟ ಎಲ್ಲ ಕಳಚಿಟ್ಟು
ಮಾತಿನ ಹಿಂದೆ ನಾಯಿಮರಿ ಹಾಗೆ ಓಡುತ್ತದೆ.

ಎರಡೆಕರೆ ಹನ್ನೊಂದು ಗುಂಟೆ ನಮ್ಮದಾದ ದಿನ
'ಗಿಡ್ಡನಾಯ್ಕ ಬಿನ್ ಕೆರಿಯನಾಯ್ಕ' ಎಂದು ಕೂಗಿದರು.
ಅಯ್ಯ ಹಿಂದೆ ತಿರುಗಿ ನೋಡಿದ, ಯಾರಪ್ಪ ಅವನು ಎಂದು.

ಆ ಸುಗ್ಗಿಯಲ್ಲಿ ಮೇಲ್ಮನೆಯವರು ಕೊಡೆ ಹಿಡಿದು
ಕಣದ ತನಕ ಬಂದರು. ಅಳೆಯಲಿಕ್ಕಲ್ಲ,
ಕೊಳಗ ತಂದಿರಲಿಲ್ಲ. ಅಭ್ಯಾಸಬಲ ಇರಬೇಕು.
ಎತ್ತುಗಳು ಸುತ್ತುತ್ತಲೇ ಇದ್ದವು.
ಅಯ್ಯ ತಲೆಗೆ ಸುತ್ತಿದ ಟವಲು ಬಿಚ್ಚದೆ
'ಬಾರಯ್ಯ, ಕೂರು' ಅಂದ.

ಅವರು ಕೂತರು, ನಮ್ಮ ಗೋಣಿಚೀಲದ ಮೇಲೆ.
ಅವ್ವ ಬೆಲ್ಲ ನೀರು ತಂದಳು.
ನೀರು ಕುಡಿದರೋ ಇಲ್ಲವೋ ನೆನಪಿಲ್ಲ,
ಬೆಲ್ಲ ಬಾಯಿಗೆ ಹಾಕಿಕೊಂಡದ್ದು ಕಂಡೆ.
ಆ ರಾತ್ರಿ ಅಯ್ಯ ಉಣ್ಣಲಿಲ್ಲ.
'ನಾಲಿಗೆ ಹೆಂಗೆಂಗೋ ಆಗೇತಿ' ಎಂದು ಹೊರಗೆ ಹೋಗಿ
ನಾಲ್ಕೈದು ಸಲ ಬಾಯಿ ಮುಕ್ಕಳಿಸಿದ.

ಮೊನ್ನೆ ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ
ಎಂಬತ್ತೊಂಬತ್ತರ ಅಯ್ಯ ಕಣ್ಣು ಮುಚ್ಚಿ
ಜ್ವರದಲ್ಲಿ ಅಯ್ಯಾ, ಅಯ್ಯಾ ಎನ್ನುತ್ತಿದ್ದ.
'ಅಜ್ಜ ಯಾರನ್ನ ಕರೀತಿದಾನೆ ಅತ್ತೆ?' ಎಂದ ತಮ್ಮನ ಮಗ.
ಕೆರಿಯನಾಯ್ಕನನ್ನೋ ಮೇಲ್ಮನೆಯವರನ್ನೋ.
ಇಬ್ಬರೂ ಹೋಗಿ ಯಾವ ಕಾಲವಾಯಿತು. ಬಂದರೂ
ಒಂದೇ ಬಾಗಿಲಲ್ಲಿ ಬರುವವರಲ್ಲ.
ಅಥವಾ ಬರೀ ಪಕ್ಕೆಯ ನೋವೋ ಏನೋ.

ಬಾಯಿ ಬಿಗಿಹಿಡಿದಿದ್ದ. ಚಮಚದ ಗಂಜಿ ಊದಿ
'ಒಂದೇ ಒಂದು ಗುಟುಕು, ನನ್ನಯ್ಯ, ಆ ಮಾಡು' ಅಂದೆ,
ತೊಡೆಮೇಲೆ ತಮ್ಮನನ್ನು ಹಾಕಿಕೊಂಡು
ಅವ್ವ ಅನ್ನುತ್ತಿದ್ದ ಹಾಗೇ.

ಆ ಮಾಡಿದ.
ಅರ್ಧ ಗಂಜಿ ಗಲ್ಲದ ಮೇಲೆ ಇಳಿಯಿತು.