ಮೂರನೇ ಖಾನೆ

ಮೆಜೆಸ್ಟಿಕ್ಕಿನ ಬಸ್‌ಸ್ಟ್ಯಾಂಡಿನಲ್ಲಿ, ಕೊನೆಯ ಅಂಕಣದ ಹಿಂದೆ
ಕಳೆದುಹೋದ ಸಾಮಾನಿನ ಕೊಠಡಿ ನನ್ನದು.
ಇಪ್ಪತ್ತೆರಡು ಕೊಡೆ, ಎಡಗಾಲಿನದೇ ಮೂರು ಚಪ್ಪಲಿ,
ಹಲ್ಲಿನ ಸೆಟ್ಟೊಂದು (ಊಟದ ಹೊತ್ತಿಗಾದರೂ
ನೆನಪಾಗಬೇಕಿತ್ತಲ್ಲ ಆ ಪುಣ್ಯಾತ್ಮನಿಗೆ),
ಎಲ್ಲಕ್ಕೂ ಚೀಟಿ ಅಂಟಿಸಿ, ರೂಟ್ ನಂಬರು ಬರೆದು, ಸಹಿ ಹಾಕಿ
ಸಂಜೆ ಆರಕ್ಕೆ ಬೀಗ.

ಆರೂವರೆಗೆ ಚಾಮರಾಜಪೇಟೆ.
ಕೆಳಗೆ ಹಿಟ್ಟಿನ ಗಿರಣಿ, ಮೇಲೆ ನರಹರಿ ಉಪಾಧ್ಯರ ಪಾಠ.
ನಾಲ್ಕೇ ಶಿಷ್ಯರು; ಒಬ್ಬರಿಗೆ ಕಿವಿ ಕೇಳದು.
ದ್ರವ್ಯ, ಗುಣ, ಕರ್ಮ ಎಂದು ಆರು ತಿಂಗಳು ಸವೆಸಿ
ಮೊನ್ನೆ ಏಳನೆಯ ಪದಾರ್ಥಕ್ಕೆ ಬಂದರು:
"ಅಭಾವ. ಇಲ್ಲ ಅನ್ನುವುದೂ ಒಂದು ಪದಾರ್ಥ ಕಣಮ್ಮ.
ನೆಲದ ಮೇಲೆ ಗಡಿಗೆ ಇಲ್ಲ.
ಆ 'ಇಲ್ಲ' ನೆಲದ ಮೇಲೆ ಇದೆ."

ಇದ್ದದ್ದಕ್ಕೇ ಚೀಟಿ ಅಂಟಿಸಿ ಇಪ್ಪತ್ತು ವರ್ಷ ಆದವಳು ನಾನು,
ಇಲ್ಲದ್ದಕ್ಕೆ ಎಲ್ಲಿ ಅಂಟಿಸಲಿ ಸ್ವಾಮಿ,
ಗೋಂದು ನಿಲ್ಲಬೇಕಲ್ಲ, ಎಂದೆ.
ನಕ್ಕರು. ಅಷ್ಟರಲ್ಲಿ ಗಿರಣಿ ನಿಂತಿತು.
"ತಿಳಿಯಿತೇ?" ಎಂದರು.
ಕಿವಿ ಕೇಳದವರು ಎಲ್ಲರಿಗಿಂತ ಮೊದಲು ತಲೆಯಾಡಿಸಿದರು,
ನೆಲದ ನಡುಕ ನಿಂತದ್ದು ಅವರ ಅಂಗಾಲಿಗೆ ಗೊತ್ತು.

ಗುರುವಾರ ಜಬೀನಾ ಬಂದಳು, ಕಾಟನ್‌ಪೇಟೆಯ ದರ್ಜಿ.
ಕಳೆದದ್ದು ಒಂದು ನೋಟುಬುಕ್ಕು, ಕೆಂಪು ರಟ್ಟು, ದಾರ ಸುತ್ತಿದ್ದು.
ಒಳಗೆ ಮೂವತ್ತು ವರ್ಷದ ಅಳತೆ:
ಅರ್ಧ ಪೇಟೆಯ ಹೆಂಗಸರ ತೋಳು, ಎದೆ, ಬೆನ್ನು,
ಬಸುರಿನಲ್ಲಿ ಬಿಟ್ಟ ಹೊಲಿಗೆ, ಬಾಣಂತನ ಮುಗಿದು ಹಿಡಿದ ಹೊಲಿಗೆ.
ತೀರಿಕೊಂಡವರ ಪುಟವನ್ನೂ ಹರಿದಿಲ್ಲವಂತೆ.

ಕಪಾಟು ತೆಗೆದು ತೋರಿಸಿದೆ. ಮೂರನೇ ಖಾನೆ ಖಾಲಿ.
ನನಗೆ ಕಂಡದ್ದು ಕಬ್ಬಿಣ, ಧೂಳು, ಒಂದು ಜಿರಲೆ.
ಅವಳು ನೋಡಿದಳು. ನೋಡುತ್ತಲೇ ಇದ್ದಳು.
ಅವಳಿಗೆ ಅಲ್ಲಿ ಕಂಡದ್ದಕ್ಕೆ
ಉದ್ದವಿತ್ತು, ಅಗಲವಿತ್ತು,
ಮೂಲೆಯಲ್ಲಿ ಮಿಶನ್ನೆಣ್ಣೆಯ ಕಲೆಯಿತ್ತು.
"ಇಲ್ಲ" ಅಂದಳು,
ಕೈಯಿಂದ ಮುಟ್ಟಿ ಹೇಳಿದ ಹಾಗೆ.

ಉಪಾಧ್ಯರ ಮಾತು ಆಗ ಗಂಟಲಿಗಿಳಿಯಿತು.
ಯಾವುದು ಇಲ್ಲವೋ ಅದನ್ನು ಬಲ್ಲವರಿಗಷ್ಟೇ 'ಇಲ್ಲ' ಕಾಣುವುದು,
ಪ್ರತಿಯೋಗಿ ಅನ್ನುತ್ತಾರೆ ಅದಕ್ಕೆ.
ಗಡಿಗೆ ಅರಿಯದವನಿಗೆ ಬರೀ ನೆಲ.

ಹೋಗುವಾಗ ತಿರುಗಿ ನನ್ನ ರವಿಕೆ ನೋಡಿದಳು.
"ಎಡ ಭುಜ ಅರ್ಧ ಇಂಚು ಜಾರಿದೆ, ಯಾರು ಮೇಡಂ ಕೆಡಿಸಿದ್ದು?"
ಕೌಂಟರಿನ ಆಚೆಯಿಂದಲೇ ಗೇಣು ಹಾಕಿ
ಹಳೇ ಟಿಕೆಟ್ಟಿನ ಬೆನ್ನಿಗೆ ಬರೆದುಕೊಂಡಳು
ನನ್ನ ಅಳತೆ.

ಬೀಗ ಹಾಕಿ ಅಂಕಣ ದಾಟುವಾಗ ನಿಂತೆ.
ಇಲ್ಲೇ ಕೆರೆಯಿತ್ತಂತೆ;
ನಮ್ಮಜ್ಜಿಯ ಅಜ್ಜಿ ಬಿಂದಿಗೆ ಮುಳುಗಿಸುತ್ತಿದ್ದಳಂತೆ.
ಹುಟ್ಟುವ ಮುಂಚಿನ ಇಲ್ಲಕ್ಕೆ ಮೊದಲಿಲ್ಲ, ಕೊನೆಯುಂಟು;
ಒಡೆದ ಮೇಲಿನ ಇಲ್ಲಕ್ಕೆ ಮೊದಲುಂಟು, ಕೊನೆಯಿಲ್ಲ.
ಪಾಠವೇನೋ ಬಾಯಿಗೆ ಬರುತ್ತದೆ ಸರಾಗ.
ಆದರೆ ಎಷ್ಟು ದಿಟ್ಟಿಸಿದರೂ
ಡಾಂಬರು, ಡೀಸೆಲ್ಲು, ತೊಳೆ ಲೆಕ್ಕದಲ್ಲಿ ಹಲಸು ಮಾರುವವನು.
ನೀರು ಕಂಡವಳಲ್ಲ ನಾನು.
ಅಳುವುದಕ್ಕೂ ಒಂದು ಗುರುತು ಬೇಕು,
ಅದನ್ನು ಯಾವ ಬಸ್ಸಿನಲ್ಲಿ ಯಾರು ಬಿಟ್ಟರೋ.

ಮಾರನೆಯ ದಿನ ಸೂಪರಿಂಟೆಂಡೆಂಟರು ಬಂದರು.
ಕೊಡೆಗಳೆಲ್ಲ ನೆಲದಲ್ಲಿ ಹೊರಳುತ್ತಿವೆ,
ಮೂರನೇ ಖಾನೆ ಖಾಲಿಯಿದೆಯಲ್ಲ,
ಅಲ್ಲಿ ತುಂಬಬಾರದೇ, ಎಂದರು.

ಅಲ್ಲಿ ಜಾಗ ಇಲ್ಲ ಸಾರ್, ಎಂದೆ.