ಕಲ್ಲಲ್ಲಿ ನಾರು

ಹ್ಯಾಲಿಫ್ಯಾಕ್ಸು. ಕೆಡವಿದ ಗಿರಣಿಯ ಜಾಗ.
ಇಟ್ಟಿಗೆಯೊಂದನ್ನು ಬೆಳಕಿಗೆ ಹಿಡಿದಳು ಮೇಸ್ತ್ರಿ ವಿನಿಫ್ರೆಡ್:
ಜೇನುಹುಟ್ಟಿನ ಹಾಗೆ ತೂತು, ತೂತಿನ ತುಂಬ
ಬೂದು ಉಣ್ಣೆ.
"ಕುರಿಯದಲ್ಲ, ಬಂಡೆಯದು. ಕಾಸಿ, ಕರಗಿಸಿ, ನೂತದ್ದು.
ಕೊಯ್ಯುವಾಗ ಜೋಕೆ, ಉದುರುತ್ತೆ."

ಕಲ್ಲಲ್ಲಿ ನಾರು ತೆಗೆಯುವವನೆಂದರೆ
ನಮ್ಮ ಕಡೆ ಬೈಗುಳ. ಇಲ್ಲಿ ಕಸುಬು.
ಗಾರೆ ಕಲಸುತ್ತ ಒಬ್ಬನೇ ನಕ್ಕೆ.

ಅವಳಜ್ಜಿ ಇದೇ ನೆಲದಲ್ಲಿ ನೂಲು ತೆಗೆದವಳಂತೆ,
ದೇಶಕ್ಕೆಲ್ಲ ಕಂಬಳಿ;
ಮನೆಯ ಗೋಡೆ ಮಾತ್ರ ಚಳಿಗಾಲವಿಡೀ ಬೆವರಿ
ಮಂಚದ ಹಿಂದೆ ಕಪ್ಪು ಬೂಷ್ಟು.
ಅದನ್ನು ವಿನೆಗರಿನಲ್ಲಿ ಒರೆಸೋದು
ಇವಳ ಶನಿವಾರದ ಪಾಲು.

ಹನ್ನೊಂದನೇ ವರಸೆ ಮುಗಿದಾಗ ಕತ್ತಲು.
ಕೈಗವಸು ಕಳಚಿ ಒಳಮೈಗೆ ಅಂಗೈಯೊತ್ತಿದಳು,
ಮಗುವಿನ ಜ್ವರ ನೋಡುವಂತೆ.
"ಬೆಚ್ಚಗಿಲ್ಲ," ಅಂದಳು. "ತಣ್ಣಗೂ ಇಲ್ಲ."

ಸೂರಿಲ್ಲದ ಗೋಡೆಯ ಮೇಲಿಂದ
ಗಾಳಿ ಇಣುಕಿತು.